ಹೆಚ್ಚಿನ ನಾಲ್ಕು ದಿನ

11 ಫೆಬ್ರವರಿ, ಮಂಗಳವಾರ

ಬೆಳಿಗ್ಗೆಯಿಂದ ಮೂರು ಗಾದಿ ಚೀಲ ಹೊಲಿದೆ. ನಾಲ್ಕನೆಯದಕ್ಕೆ ಬಟ್ಟೆ ಒಂದು ಗೇಣು ಕಡಿಮೆ. ಅಳೆದು ತಂದವರು ಇವರು. ಕೇಳಿದರೆ ನಿನ್ನ ಗೇಣೇ ದೊಡ್ಡದು ಎನ್ನುತ್ತಾರೆ. ಇಪ್ಪತ್ತು ವರ್ಷದ ಸಂಸಾರದಲ್ಲಿ ತಪ್ಪು ಇವರದಾದದ್ದು ನನಗಂತೂ ನೆನಪಿಲ್ಲ!

ಈ ಡೈರಿ ಜಿನ್ನಿಂಗ್ ಫ್ಯಾಕ್ಟರಿಯವರು ಹೊಸ ವರ್ಷಕ್ಕೆ ಇವರಿಗೆ ಕೊಟ್ಟದ್ದು. "ಎಸ್ಸೆಸ್ಸೆಲ್ಸಿ ಪಾಸಾದಾಕಿ ನೀ. ಗಿರಾಕಿ ಹೆಸರು ಬರಿ. ಉಳಿದ ಜಾಗದಾಗ ನನ್ನ ಬೈದು ಬರಿ" ಎಂದು ನನ್ನ ಕೈಗಿಟ್ಟರು. ಎರಡೂ ನಡೆದಿದೆ.

ಸಂಜೆ ಆರರ ಬಸ್ಸಿಗೆ ಶಹಾಪುರದಿಂದ ನಮ್ಮೂರು ವನದುರ್ಗಕ್ಕೆ ಬಂದರು. ತಲೆ, ಹುಬ್ಬು, ಮೀಸೆ ಎಲ್ಲ ಹತ್ತಿ. ದಿನಾ ಮುದುಕರಾಗಿ ಬರುತ್ತಾರೆ, ಮುಖ ತೊಳೆದ ಮೇಲೆ ಮತ್ತೆ ನನ್ನ ಗಂಡ. ಚಹಾ ತಂದೆ. ತೆಗೆದುಕೊಳ್ಳಲಿಲ್ಲ.

"ಗೌಹರಬೇಗಂ ಮಳಗಿ ಮಾರಾಕತ್ತಾರ."

ಶಹಾಪುರದ ಆ ಮಳಿಗೆಯಲ್ಲಿ ಇವರು ಬಾಡಿಗೆಗೆ ಕೂತು ಇಪ್ಪತ್ತೆರಡು ವರ್ಷ. ನನ್ನನ್ನು ಕಟ್ಟಿಕೊಳ್ಳುವ ಮೊದಲೇ ಅದನ್ನು ಕಟ್ಟಿಕೊಂಡವರು. ಹತ್ತಿ ಹಿಂಜುವ ಮಶಿನ್ ಅಲ್ಲಿದೆ. ಮಾವನವರ ಕಾಲದ ಹಿಂಜುವ ಬಿಲ್ಲು ಅಲ್ಲಿ ತೊಲೆಗೆ ನೇತಾಡುತ್ತಿದೆ. ಬೇರೆಯವರು ಕೊಂಡರೆ ನಾವು ಎಲ್ಲಿಗೆ ಹೋಗಬೇಕು?

"ಯಾರಿಗಂತ್ರಿ?"

"ನಮಗ. ‘ಮೊದಲ ನಿನಗ ಕೇಳಾಕತ್ತೇನಿ ಮುಜಫರ, ನೀ ಬ್ಯಾಡ ಅಂದ್ರ ಮುಂದಿನವ್ರು’ ಅಂದ್ರು."

"ನೀವೇನಂದ್ರಿ?"

"ಮನ್ಯಾಗ ಕೇಳಿ ಹೇಳ್ತೇನಿ ಅಂದೆ." ಆಗ ಕಪ್ ತೆಗೆದುಕೊಂಡರು. "ಕೊಂಡ್ರ ನಿನ್ನ ಹೆಸರಿಲೆ ಕೊಳ್ಳೋದು. ನಾ ಹಿಂಜತೇನಿ, ನೀ ಗಲ್ಲಾದ ಮ್ಯಾಗ ಕುಂದರು."

ಹುಚ್ಚು ಮನುಷ್ಯ. ನಾದಿನಿ ಫರ್ಹತ ಒಳಗಿನಿಂದಲೇ ನಕ್ಕಳು. "ಭಾಭಿ ಗಲ್ಲಾದ ಮ್ಯಾಗ ಕುಂತ್ರ ಉದ್ರಿ ಗಿರಾಕಿ ಊರ ಬಿಟ್ಟ ಹೋಗ್ತಾರ!"

ನಾನು ಬೈದೆ. ಆದರೆ ಗಲ್ಲಾದ ಮೇಲೆ ಕೂತಂತೆ ಒಂದು ಸಲ ಮನಸ್ಸಿನಲ್ಲೇ ಕೂತು ನೋಡಿದೆ.

24 ಫೆಬ್ರವರಿ, ಸೋಮವಾರ

ಸುರಪುರಕ್ಕೆ ಹೋಗಿ ಬಂದೆವು. ಇಸಾರ ಆಯಿತು. ಮುಂಗಡ ಕೊಟ್ಟು ಕಾಗದ ಬರೆಸಿದೆವು. ಉಳಿದದ್ದು ಬ್ಯಾಂಕಿನಲ್ಲಿದೆ, ಸೊಸೈಟಿ ಸಾಲವೂ ಮಂಜೂರು. ಆ ಚಿಂತೆ ಇಲ್ಲ.

ಮಳಿಗೆಯ ಮಾಲಕಿ ಗೌಹರಬೇಗಂ, ನಮ್ಮ ಬೇಗಂ ಅಮ್ಮನಿಗೆ ಎಂಬತ್ತು. ದಿಂಬಿಗೆ ಒರಗಿ ಕೂತಿದ್ದರು. ದಿಂಬು ಇವರ ಕೈಯದೇ, ಹೊಲಿಗೆ ನನ್ನದು, ಕಂಡ ಕೂಡಲೇ ಗೊತ್ತಾಯಿತು. ನಾವು ಪಿಂಜಾರರು, ಮನೆಯಲ್ಲೂ ಕನ್ನಡವೇ. ಬೇಗಂ ಅಮ್ಮನ ಎದುರು ಮಾತ್ರ ಇವರ ಬಾಯಲ್ಲಿ ಉರ್ದು ಹೊರಡುತ್ತದೆ, ಅದೂ ಕುಂಟುತ್ತ. ಅವರೇ ಕನಿಕರಪಟ್ಟು ಕನ್ನಡಕ್ಕೆ ಬಂದರು.

ಕಾಗದ ಬರೆದವನು ಬಾಂಡ್ ರೈಟರ್ ಮಾನಪ್ಪ. ಶಹಾಪುರದ ರಜಿಸ್ಟ್ರಾರ್ ಕಚೇರಿಯ ಎದುರು ಕೂರುವವನು. ನಮ್ಮ ಜೊತೆ ಬಸ್ಸಿನಲ್ಲೇ ಬಂದಿದ್ದ.

"ಖರೀದಿ ಯಾವಾಗ ಬರೀಲಿ ಅಮ್ಮಾರ?"

"ಬಕ್ರೀದ ಚಾಂದ ಕಂಡ ಮ್ಯಾಗ. ನನ್ನ ಮಗ ಶಹಬಾಜ ಸೌದಿಯಿಂದ ಆಗ ಬರ್ತಾನ. ಅವಂದೂ ಸಹಿ ಬೇಕಲ್ಲ."

"ತಾರೀಖ ಹೇಳ್ರಿ."

"ತಾರೀಖ ಯಾಕೋ? ಚಾಂದ ಎಲ್ಲರಿಗೂ ಕಾಣಸ್ತದ."

ಮಾನಪ್ಪ ತಲೆ ಕೆರೆದುಕೊಂಡು ಮೊಬೈಲಿನಲ್ಲಿ ಹುಡುಕಿ ಜೂನ್ 5 ಎಂದು ಬರೆದ. ಕೆಳಗೆ ಇವರ ಫೋನ್ ನಂಬರ್ ಹಾಕಿದ. ಖರೀದಿ ನನ್ನ ಹೆಸರಿಗೆ ತಾನೇ, ಅದಕ್ಕೆ ನನ್ನ ಕಡೆ ತಿರುಗಿದ. "ಗಂಡನ ಹೆಸರು ಹೇಳ್ರಿ ಅಕ್ಕಾರ." ಬಾಯಿ ಬರಲಿಲ್ಲ. ಇಪ್ಪತ್ತು ವರ್ಷ ಆ ಹೆಸರು ಹೇಳಿದವಳಲ್ಲ ನಾನು. ಬೆರಳು ಮಾಡಿ ತೋರಿಸಿದೆ. ಎಲ್ಲರೂ ನಕ್ಕರು. ಬೇಗಂ ಅಮ್ಮ ನಗಲಿಲ್ಲ, ನನ್ನ ಬೆನ್ನು ಸವರಿದರು.

18 ಮಾರ್ಚ್, ಮಂಗಳವಾರ

ರೋಜಾ ಹಿಡಿದು ಮಶಿನ್ ಮುಂದೆ ನಿಲ್ಲಬೇಡಿ ಎಂದರೆ ಕೇಳುವುದಿಲ್ಲ. ಹಬ್ಬದ ಮೊದಲು ಆರು ಗಾದಿ ಮುಗಿಸಬೇಕಂತೆ. ಗಂಟಲಲ್ಲಿ ಹತ್ತಿ, ನೀರು ಕುಡಿಯುವ ಹಾಗಿಲ್ಲ. ಇಫ್ತಾರಿಗೆ ಬಂದವರು ಎರಡು ಚೊಂಬು ಒಂದೇ ಉಸಿರಿಗೆ ಕುಡಿದರು.

ಗುಡಿ ಓಣಿಯ ರೇಣಮ್ಮನ ಹಳೆ ಗಾದಿ ಬಿಚ್ಚಿದರಂತೆ. ಹತ್ತಿಯೊಳಗೆ ಒಂದು ಬೆಳ್ಳಿ ಕಾಲುಂಗುರ ಸಿಕ್ಕಿದೆ. ಪಿಂಜಾರರ ಮನೆಯಲ್ಲಿ ಒಂದೇ ಕಾಯಿದೆ. ಗಾದಿಯಲ್ಲಿ ಸಿಕ್ಕದ್ದು ಗಾದಿಯವರದು. ಉಂಗುರವಾಗಲಿ, ಗುಂಡಿಯಾಗಲಿ, ಅರಿವೆಯಲ್ಲಿ ಕಟ್ಟಿ, ಹೆಸರು ಬರೆದು, ಗಾದಿಯ ಜೊತೆ ಕೊಡಬೇಕು. ಕಟ್ಟಿ ಹೆಸರು ಬರೆದೆ. ನನ್ನ ಹೊಲಿಗೆ ಪೆಟ್ಟಿಗೆಯಲ್ಲಿದೆ.

ಮಳಿಗೆಯಲ್ಲಿ ನನ್ನ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಬಂದಿದ್ದಾರಂತೆ. ಬಾಗಿಲ ಎಡಕ್ಕೆ. ಗಾಳಿ ಬರುತ್ತದಂತೆ, ಹತ್ತಿ ಬರುವುದಿಲ್ಲವಂತೆ.

30 ಮಾರ್ಚ್, ಭಾನುವಾರ

ಚಾಂದ ಕಂಡಿತು! ಮಾಳಿಗೆ ಹತ್ತಿ ಎಲ್ಲರೂ ನೋಡಿದೆವು. ನನಗೊಬ್ಬಳಿಗೇ ಕಾಣಿಸಲೊಲ್ಲದು. ಕೋಟೆ ಗೋಡೆಯ ಮೇಲೆ, ಬಲಕ್ಕೆ, ಇನ್ನೂ ಬಲಕ್ಕೆ... "ನನ್ನ ಬೆರಳ ತುದಿ ಹಿಡದು ನೋಡ" ಎಂದರು. ಹಿಡಿದು ನೋಡಿದೆ. ಕಂಡಿತು, ಉಗುರಿನಷ್ಟು.

ಮಗಳು ಗುಡ್ಡಿ ಯಾದಗಿರಿಯ ನರ್ಸಿಂಗ್ ಹಾಸ್ಟೆಲಿನಿಂದ ಬಂದಿದ್ದಾಳೆ. ಅಪ್ಪ ಮಗಳು ಕೂತು ಮಳಿಗೆಯ ಬೋರ್ಡಿಗೆ ಹೆಸರು ಆರಿಸುತ್ತಿದ್ದಾರೆ. "ಮಮ್ತಾಜ ಗಾದಿ ಸೆಂಟರ್" ಅಂತೆ. ನನ್ನ ಹೆಸರು ಬೋರ್ಡಿನ ಮೇಲೆ! ಇಬ್ಬರಿಗೂ ಬುದ್ಧಿ ಇಲ್ಲ. ಶಾವಿಗೆ ಹುರಿಯಬೇಕು, ಎದ್ದೆ.

12 ಏಪ್ರಿಲ್, ಶನಿವಾರ

ಹದಿಮೂರು ದಿನವಾಯಿತು.

ಹಬ್ಬದ ದಿನ ಈದ್ಗಾದಿಂದ ಬಂದರು. ಗುಡ್ಡಿಗೆ ಹಬ್ಬದ ಈದಿ ದುಡ್ಡು ಕೊಟ್ಟರು. ಸುರಕುಂಬಾ ಕುಡಿದು ಇನ್ನೊಂದು ಬಟ್ಟಲು ಕೇಳಿದರು. ತರುವಷ್ಟರಲ್ಲಿ ಗೋಡೆಗೆ ಒರಗಿದ್ದರು. ಎದೆ ಉರಿಯಾಕತ್ತದ ಎಂದರು. ಜೀಪಿನಲ್ಲಿ ಕರೆದುಕೊಂಡು ಹೊರಟೆವು. ಶಹಾಪುರ ಮುಟ್ಟಲಿಲ್ಲ. ತಲೆ ನನ್ನ ತೊಡೆಯ ಮೇಲಿತ್ತು.

ಬರೆದೆ. ಬರೆದರೆ ಆದದ್ದು ಎನ್ನಿಸುತ್ತದೆಂದು ಇಷ್ಟು ದಿನ ಬರೆದಿರಲಿಲ್ಲ.

ಇದುವರೆಗೆ ಇಲ್ಲೆಲ್ಲ "ಇವರು" ಎಂದು ಬರೆದಿದ್ದೇನೆ. ಇನ್ನು ಮೇಲೆ "ಅವರು" ಎನ್ನಬೇಕೇನೋ.

ಇದ್ದತ್‌ಗೆ ಕೂತಿದ್ದೇನೆ. ಗಂಡ ಹೋದವಳು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವ ಹಾಗಿಲ್ಲ. ಎಷ್ಟು ದಿನವೆಂದು ಫರ್ಹತ ಕೇಳಿದಳು. ಈ ಡೈರಿ ತೆಗೆದು ಎಣಿಸಿದೆ. ಮಾರ್ಚ್ 31ರಿಂದ ಜುಲೈ 31ಕ್ಕೆ ನಾಲ್ಕು ತಿಂಗಳು, ಮೇಲೆ ಹತ್ತು. ಆಗಸ್ಟ್ 10. ಆ ಪುಟದ ಮೂಲೆ ಮಡಚಿ ಇಟ್ಟೆ.

20 ಏಪ್ರಿಲ್, ಭಾನುವಾರ

ಬೇಗಂ ಅಮ್ಮ ಬಂದಿದ್ದರು. ಸುರಪುರದಿಂದ ಕಾರು ಮಾಡಿಕೊಂಡು, ಎಂಬತ್ತರ ಮೊಣಕಾಲು ಎತ್ತಿ ನಮ್ಮ ಕಟ್ಟೆ ಹತ್ತಿ. ನನ್ನ ಬರಿಗೈ ಹಿಡಿದುಕೊಂಡು ಕೂತರು.

ನಾನೇ ಕೇಳಿದೆ. "ಮಳಗಿ ಅಮ್ಮ... ಜೂನ್ ಐದಕ್ಕ ನಾ ಹೊರಗ ಬರಾಂಗಿಲ್ಲ."

"ಯಾರ ಬಾ ಅಂದಾರ ನಿನಗ? ಮಳಗಿ ಎಲ್ಲಿ ಓಡಿ ಹೊಂಟದ? ನಾ ಮಾತ ಕೊಟ್ಟದ್ದು ಮುಜಫರನಿಗಿ. ಅವನ ಇದ್ದತ್ ನೀ ಪೂರಾ ಕುಂದರು."

"ಶಹಬಾಜಣ್ಣ ಬಕ್ರೀದಕ್ಕ ಬಂದು ಹೋಗ್ತಾರಲ್ರಿ."

"ರಜಾ ಮುಂದ ಹಾಕ್ಕೊ ಅಂತೇನಿ. ಇದ್ದತ್ ಮುಗಿದ ಮರುದಿನ ನಾ ಕಚೇರ್ಯಾಗ ಇರ್ತೇನಿ. ನೀ ಬಾ."

ಮಾನಪ್ಪನೂ ಬಂದಿದ್ದ. ಇಸಾರದ ಕಾಗದದ ಹಿಂದೆ ಹಾಗೆಯೇ ಬರೆದ: ಇದ್ದತ್ ಮುಗಿದ ಮರುದಿನ. ತಾರೀಖು ಕೇಳಲಿಲ್ಲ. ಹೋದ ಸಲ ಬೈಸಿಕೊಂಡಿದ್ದ.

ಕಾರು ಹೋದ ಮೇಲೆ ನಾನು ಅತ್ತೆ. ಅವರು ತೀರಿಹೋದದ್ದಕ್ಕಲ್ಲ, ಇಷ್ಟು ಒಳ್ಳೆಯ ಸುದ್ದಿ ಹೇಳಲು ಅವರಿಲ್ಲವಲ್ಲ ಎಂದು.

14 ಮೇ, ಬುಧವಾರ

ಅವರ ಫೋನ್ ಬಂದ್ ಮಾಡಿ ಅಲಮಾರಿಯಲ್ಲಿಟ್ಟೆ. ದಿನಾ ಎರಡು ಮೂರು ಗಿರಾಕಿಗಳ ಕರೆ. "ಸಾಬ್ರ, ಗಾದಿ ಆತೇನ್ರಿ?" ಪ್ರತಿ ಸಲ ಅವರನ್ನು ಮತ್ತೆ ಸಾಯಿಸಬೇಕು. ನನ್ನಿಂದಾಗದು. ಫರ್ಹತಳ ಕೈಗೆ ಕೊಟ್ಟರೆ ಅವಳೂ ಒಳಕ್ಕೆ ಓಡುತ್ತಾಳೆ.

ರೇಣಮ್ಮನ ಹತ್ತಿ ಬಿಚ್ಚಿದ್ದು ಬಿಚ್ಚಿದ ಹಾಗೆ ಮಳಿಗೆಯಲ್ಲಿ ಬಿದ್ದಿದೆ. ಬೀಗ ಹಾಕಿದ್ದೇವೆ. ಆಗಸ್ಟ್‌ನಲ್ಲಿ ನಾನೇ ತೆಗೆದು, ನಾನೇ ಹಿಂಜಿ, ಮೊದಲು ಅದನ್ನೇ ಮುಗಿಸುತ್ತೇನೆ. ಮಶಿನ್ ನಡೆಸಲು ಬರುತ್ತದೆ ನನಗೆ. ಮದುವೆಯಾದ ವರ್ಷ ಕಲಿಸಿದ್ದರು, ಬೆರಳು ಹುಷಾರು ಎಂದು ನೂರು ಸಲ ಹೇಳುತ್ತ.

7 ಜೂನ್, ಶನಿವಾರ

ಬಕ್ರೀದ್. ಏನೂ ಮಾಡಲಿಲ್ಲ. ಅಕ್ಕಪಕ್ಕದವರು ತಂದಿಟ್ಟ ಬಟ್ಟಲು ಹಾಗೆಯೇ ಇವೆ. ಅವರಿಗೆ ಈ ಹಬ್ಬ ಸೇರುತ್ತಿರಲಿಲ್ಲ. ಕುರಿ ಮನೆಗೆ ಬಂದ ದಿನವೇ ಅದಕ್ಕೊಂದು ಹೆಸರಿಟ್ಟುಬಿಡುತ್ತಿದ್ದರು, ಆಮೇಲೆ ಹಬ್ಬದ ದಿನ ಮಳಿಗೆಗೆ ಹೋಗಿ ಕೂರುತ್ತಿದ್ದರು.

26 ಜುಲೈ, ಶನಿವಾರ

ಸಂಜೆ ಫರ್ಹತ ಮಾಳಿಗೆಯಿಂದ ಕೂಗಿದಳು. "ಭಾಭಿ, ಸಫರ್ ತಿಂಗಳ ಚಾಂದ ಕಾಣಾಕತ್ತದ ನೋಡ ಬಾ!"

ಹೋಗಲಿಲ್ಲ. ಯಾರ ಬೆರಳು ಹಿಡಿದು ನೋಡಲಿ?

ಕೆಳಗಿಳಿದು ಬಂದು ಅಡುಗೆಮನೆ ಬಾಗಿಲಲ್ಲಿ ನಿಂತಳು. "ಭಾಭಿ, ಚಾಂದದ ಲೆಕ್ಕದಾಗ ಇದ್ದತ್ ಬ್ಯಾರೆ ದಿನ ಬರ್ತದೇನ?"

"ಡೈರ್ಯಾಗ ಬರದಿಟ್ಟೇನಿ. ಹತ್ತನೇ ತಾರೀಖ" ಎಂದೆ. ಸ್ವಲ್ಪ ಗಡುಸಾಗಿಯೇ ಎಂದೆ.

"ನೀ ಓದಿದಾಕಿ ಬಿಡು. ನಿನ್ನ ಲೆಕ್ಕ ತಪ್ಪಂಗಿಲ್ಲ" ಎಂದು ರೊಟ್ಟಿ ಬಡಿಯಲು ಕೂತಳು.

6 ಆಗಸ್ಟ್, ಬುಧವಾರ

ಅವರ ಗಾದಿಯ ಹೊದಿಕೆ ಇವತ್ತಿಗೂ ಒಗೆದಿಲ್ಲ. ಬಿಸಿಲಿಗೆ ಹಾಕಲು ಫರ್ಹತ ಎತ್ತಿದಳು, ಜಗಳ ಮಾಡಿ ಕಸಿದುಕೊಂಡೆ. ಇನ್ನು ನಾಲ್ಕು ದಿನ ಇರಲಿ ಎಂದೆ.

7 ಆಗಸ್ಟ್, ಗುರುವಾರ. ಮಧ್ಯಾಹ್ನ 3

ಸುಮ್ಮನೆ ಒಳ್ಳೆಯ ದಿನ. ಇಂಥದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಹೌದು. ಬೆಳಿಗ್ಗೆ ಜಿಟಿಜಿಟಿ ಮಳೆ ಬಂದು ಹೋಯಿತು. ಯಾರೂ ಬರಲಿಲ್ಲ, ಯಾರೂ ಕರೆಯಲಿಲ್ಲ. ಅವರು ತುಂಬಿದ ಗಾದಿಯ ಮೇಲೆ, ಅವರು ಮಲಗುತ್ತಿದ್ದ ಕಡೆಗೆ ಕೂತು ಗಲ್ಲಾಕ್ಕೆ ಹಾಸುವ ಬಟ್ಟೆಗೆ ಅಂಚು ಹೊಲಿಯುತ್ತಿದ್ದೇನೆ. ಹಸಿರು ಬಟ್ಟೆ. ಬಾಗಿಲ ಎಡಕ್ಕೆ, ಸೀಮೆಸುಣ್ಣದ ಗೆರೆಯೊಳಗೆ.

ಏನು ಅವಸರ? ಹೊರಗಿನವರು ಹೊರಗಿರಲಿ ಇನ್ನೂ ಸ್ವಲ್ಪ ದಿನ.

10 ಆಗಸ್ಟ್, ಭಾನುವಾರ

ಮುಗಿಯಿತು. ಮಡಚಿದ ಪುಟ ಬಿಚ್ಚಿದೆ. ಫರ್ಹತ ತಲೆಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸಿದಳು. ಗುಡ್ಡಿ ಫರ್ಹತಳ ಮೊಬೈಲಿಗೆ ಫೋನ್ ಮಾಡಿದ್ದಳು. "ಅಮ್ಮಿ, ನಾಳಿ ಮಳಗಿ ನಿಂದು!" ಅಳು, ನಗು ಎರಡೂ ಬಂತು. ಇಸಾರದ ಕಾಗದ, ಆಧಾರ್, ಫೋಟೋ, ಬ್ಯಾಂಕಿನ ಪುಸ್ತಕ ಒಂದು ಚೀಲದಲ್ಲಿ. ಎಂಟರ ಬಸ್ಸು. ಅವರದೇ ಬಸ್ಸು.

11 ಆಗಸ್ಟ್, ಸೋಮವಾರ

ಬರೆಯುತ್ತೇನೆ. ಎಲ್ಲವನ್ನೂ ಬರೆಯುತ್ತೇನೆ.

ಶಹಾಪುರದಲ್ಲಿ ಇಳಿದವಳು ಮೊದಲು ಮಳಿಗೆಗೆ ಹೋದೆ. ನಮ್ಮ ಬೀಗದ ಮೇಲೆ ಇನ್ನೊಂದು ಬೀಗ. ಹೊಸದು, ಫಳಫಳ. ಮೇಲೆ ಒಂದು ಫ್ಲೆಕ್ಸ್ ಕಟ್ಟಿದ್ದರು. ಮೊಬೈಲ್ ಅಂಗಡಿಯದು. ಶುಭಾರಂಭ ಸದ್ಯದಲ್ಲೇ ಎಂದಿತ್ತು. ಪಕ್ಕದ ಮಳಿಗೆಯದಿರಬೇಕು, ತಪ್ಪಿ ಇಲ್ಲಿ ಕಟ್ಟಿದ್ದಾರೆ ಎಂದೆ ಫರ್ಹತಳಿಗೆ.

ಕಚೇರಿಗೆ ನಡೆದೆವು. ಮಾನಪ್ಪ ನಮ್ಮನ್ನು ಕಂಡವನೇ ಎದ್ದು ನಿಂತ.

"ಎಲ್ಲಿದ್ರಿ ಅಕ್ಕಾರ? ಗುರುವಾರ ಎಷ್ಟ ಫೋನ್ ಹಚ್ಚೇನಿ!"

"ಯಾವ ಗುರುವಾರ?"

"ಮೊನ್ನಿ ಏಳನೇ ತಾರೀಖ. ಸ್ಲಾಟ್ ಬುಕ್ ಮಾಡಿದ್ದೆ. ಬೇಗಂ ಅಮ್ಮಾರು, ಶಹಬಾಜ ಸಾಬ್ರು ಬಂದು ಹತ್ತ ಗಂಟಿಯಿಂದ ಕುಂತಿದ್ರು. ಸಾಬ್ರ ನಂಬರ್ ಸ್ವಿಚ್ ಆಫ್, ಸ್ವಿಚ್ ಆಫ್. ಕಾಗದದಾಗ ಇರೋದ ಅದೊಂದ ನಂಬರ್ರಿ."

ಶಹಬಾಜನಿಗೆ ಶನಿವಾರ ಹೈದರಾಬಾದಿನಿಂದ ವಿಮಾನ. ಮತ್ತೆ ರಜೆ ಎರಡು ವರ್ಷಕ್ಕೆ. ಮೊಬೈಲ್ ಅಂಗಡಿಯವರು ಮೊದಲಿನಿಂದ ಕೇಳುತ್ತಿದ್ದವರು, ಶ್ರಾವಣ ಶುಕ್ರವಾರ ಒಳ್ಳೆಯ ದಿನವೆಂದು ತಯಾರಾಗಿ ಬಂದಿದ್ದರು. ಶುಕ್ರವಾರ ಖರೀದಿಯಾಗಿ ಹೋಗಿದೆ.

ಹೇಗೆ ಸುರಪುರ ಮುಟ್ಟಿದೆನೋ ತಿಳಿಯದು. ಬೇಗಂ ಅಮ್ಮ ಅದೇ ದಿಂಬಿಗೆ ಒರಗಿದ್ದರು. ನನ್ನನ್ನು ಕಂಡು ಏಳಲು ಹೋದರು, ಆಗಲಿಲ್ಲ.

"ಈಗ ಬಂದೇನ ಬೇಟಿ?" ಎಂದರು. "ಐದ ಗಂಟಿತನಕ ಕುಂತೆ. ಮಧ್ಯಾಹ್ನದ ಜೋಹರ ನಮಾಜ ಆ ಬೆಂಚಿನ ಮ್ಯಾಗ ಕುಂತೇ ಮಾಡಿದೆ. ಬರೋ ಬಸ್ಸೆಲ್ಲಾ ನೋಡಿದೆ. ‘ಆಕಿಗಿ ಬ್ಯಾಡಾಗಿರಬೇಕು ಅಮ್ಮಾ, ಗಂಡಸ ಇಲ್ಲದ ಮಳಗಿ ತಗೊಂಡ ಏನ ಮಾಡ್ತಾಳ’ ಅಂದ ನನ್ನ ಮಗ. ನಾ ಏನ ಜವಾಬ ಕೊಡ್ಲಿ? ನೀ ಬರ್ಲೇ ಇಲ್ಲ."

"ಇದ್ದತ್ ನಿನ್ನಿ ಮುಗೀತ್ರಿ ಅಮ್ಮ."

ನನ್ನನ್ನೇ ನೋಡಿದರು. ಬೆರಳು ಮಡಚತೊಡಗಿದರು. "ರಮಜಾನ ಈದ ದಿನ ಹೋದ ಅವ. ನಾಕು ಚಾಂದ, ಮ್ಯಾಲ ಹತ್ತ ದಿನ. ಬುಧವಾರಕ್ಕ ಮುಗೀತಲ್ಲ." ಆಮೇಲೆ ದನಿ ಇಳಿಯಿತು. "ನೀ ಗ್ವಾಡಿ ಕ್ಯಾಲೆಂಡರ್ ಎಣಿಸಿದ್ಯಾ? ಯಾ ಅಲ್ಲಾಹ್. ಚಾಂದ ನೋಡ್ಲಿಲ್ಲೇನ ನೀ?"

ಫರ್ಹತ ನನ್ನ ಕಡೆ ತಿರುಗಿದಳು. ನಾನು ನೆಲ ನೋಡಿದೆ.

"ನಾ ವಿಧವಿ ಆದಾಗ ಚಾಂದ ನೋಡಿ ನೋಡೇ ದಿನಾ ಎಣಿಸೇನಿ. ಎಂದ ಮುಗೀತದೋ ಅಂತ. ನಿನಗ ಹೆಂಗ ತಿಳೀಲಿಲ್ಲ?" ಎಂದು ತಮ್ಮ ಹಣೆ ತಾವೇ ಬಡಿದುಕೊಂಡರು. ಇಸಾರದ ದುಡ್ಡಿನ ಕಟ್ಟು ನನ್ನ ಮಡಿಲಿಗೆ ಹಾಕಿದರು. ಸಾಮಾನು ತೆಗೆಯಲು ತಿಂಗಳ ಕೊನೆತನಕ ಸಮಯ ಕೇಳಿ ಇಟ್ಟಿದ್ದಾರಂತೆ. ಬೇಗಂ ಅಮ್ಮನ ತಪ್ಪು ಒಂದು ಕೂದಲಿನಷ್ಟೂ ಇಲ್ಲ. ಯಾರನ್ನಾದರೂ ಬೈಯಬೇಕೆಂದರೆ ಯಾರೂ ಇಲ್ಲ.

13 ಆಗಸ್ಟ್, ಬುಧವಾರ

ಫರ್ಹತ ಯಾಕೆ ಹೀಗಾಯಿತೆಂದು ಕೇಳುವುದಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು. "ಆಗ್ತದ ಭಾಭಿ, ಯಾರಿಗಾರ ತಪ್ಪ ಆಗ್ತದ" ಎನ್ನುತ್ತಾಳೆ. ಗುಡ್ಡಿಯೂ ಅದನ್ನೇ ಎಂದಳು.

ಇಲ್ಲಿ ಒಂದು ಕಡೆಯಾದರೂ ಖರೆ ಬರೆಯಬೇಕು.

ಗೊತ್ತಿತ್ತು ನನಗೆ.

ಏಪ್ರಿಲ್‌ನಲ್ಲಿ ಗೊತ್ತಿರಲಿಲ್ಲ. ಆಗ ತಲೆ ಎಲ್ಲಿತ್ತೋ, ಕೈಗೆ ಸಿಕ್ಕ ಡೈರಿ ನೋಡಿ ಎಣಿಸಿದೆ. ಆದರೆ ಜುಲೈನಲ್ಲಿ ಫರ್ಹತ ಬಾಗಿಲಲ್ಲಿ ನಿಂತು ಕೇಳಿದಾಗ ಗೊತ್ತಾಯಿತು. ಅಜ್ಜಿಯ ಇದ್ದತ್ ಕಂಡವಳು ನಾನು. ಚಾಂದದಿಂದ ಚಾಂದಕ್ಕೆ ಎಣಿಸುತ್ತಾರೆ, ಪಿಂಜಾರರ ಕೂಸಿಗೂ ಗೊತ್ತು. ಅವಳು ಅತ್ತ ಹೋದ ಮೇಲೆ ಗೋಡೆಯ ಕ್ಯಾಲೆಂಡರ್ ಹತ್ತಿರ ಹೋದೆ. ಪ್ರತಿ ಚೌಕದ ಮೂಲೆಯಲ್ಲಿ ಸಣ್ಣಗೆ ಚಾಂದದ ತಾರೀಖು ಅಚ್ಚಾಗಿರುತ್ತದೆ. ಬೆರಳಿಟ್ಟು ಎಣಿಸಿದೆ. ಆಗಸ್ಟ್ 6ಕ್ಕೆ ಮುಗಿಯಿತು. ಬೆರಳು ತೆಗೆದೆ. ಯಾರಿಗೂ ಹೇಳಲಿಲ್ಲ.

ಯಾಕೆ?

ಮುಗಿದ ಮರುದಿನದಿಂದ ನಾನು ಬಿಡುಗಡೆಯಾದವಳು. ಯಾರ ಹೆಂಡತಿಯೂ ಅಲ್ಲ. ಬೇಕಾದರೆ ಬೇರೆ ಮದುವೆಗೂ ಅಡ್ಡಿಯಿಲ್ಲವಂತೆ. ನನಗೆ ಆ ಬಿಡುಗಡೆ ಬೇಡವಾಗಿತ್ತು. ಇದ್ದತ್ ಅಂದರೆ ಅವರು ನನ್ನ ಮೇಲೆ ಇಟ್ಟು ಹೋದ ಕೊನೆಯ ಕೆಲಸ. ಅದು ಮುಗಿದರೆ ಅವರಿಗಾಗಿ ಮಾಡುವುದು ಇನ್ನೇನೂ ಉಳಿಯುವುದಿಲ್ಲ. ನಾಲ್ಕೇ ನಾಲ್ಕು ದಿನ ಹೆಚ್ಚಿಗೆ ಸಿಗುತ್ತಿತ್ತು, ಡೈರಿ ಹೇಳಿದ ಪ್ರಕಾರ, ಯಾರೂ ತಪ್ಪೆನ್ನದ ಹಾಗೆ. ತೆಗೆದುಕೊಂಡೆ.

ಬೇಗಂ ಅಮ್ಮ ಕಾಯುತ್ತಾರೆ, ಹೇಳಿ ಕಳಿಸುತ್ತಾರೆ ಎಂದುಕೊಂಡೆ. ಅದೂ ಸುಳ್ಳು. ಏನೂ ಅಂದುಕೊಳ್ಳಲಿಲ್ಲ. ಮಳಿಗೆಯ ಕಡೆಗೆ ಮನಸ್ಸನ್ನು ಬಿಡಲೇ ಇಲ್ಲ.

ಆ ಗುರುವಾರ ಅವರ ಗಾದಿಯ ಮೇಲೆ ಕೂತು ಗಲ್ಲಾದ ಬಟ್ಟೆಗೆ ಅಂಚು ಹೊಲಿದೆ. ಮಧ್ಯಾಹ್ನ ಮೂರು ಎಂದು ಬರೆದಿದ್ದೇನೆ. ಅದೇ ಹೊತ್ತಿಗೆ ಎಂಬತ್ತು ವರ್ಷದ ಮುದುಕಿ ಬೆಂಚಿನ ಮೇಲೆ ಕೂತು ವನದುರ್ಗದ ಬಸ್ಸು ನೋಡುತ್ತಿತ್ತು.

ಅವರು ಇಪ್ಪತ್ತೆರಡು ವರ್ಷ ಹತ್ತಿ ನುಂಗಿ ಉಳಿಸಿದ್ದನ್ನು ನಾನು ನಾಲ್ಕು ದಿನಕ್ಕೆ ಕೊಟ್ಟುಬಿಟ್ಟೆ. ಅವರಿಗೆ ತಿಳಿದಿದ್ದರೆ ನಗುತ್ತಿದ್ದರು, ಬೈಯುತ್ತಿರಲಿಲ್ಲ. ಅದೇ ತಡೆಯಲಾಗುವುದಿಲ್ಲ ನನಗೆ.

24 ಆಗಸ್ಟ್, ಭಾನುವಾರ

ಮಳಿಗೆ ಖಾಲಿ ಮಾಡಿದೆವು. ಮಶಿನ್ ಟಂಟಂನಲ್ಲಿ ಹಿಡಿಯಲಿಲ್ಲ, ಟೆಂಪೋ ಮಾಡಬೇಕಾಯಿತು. ಮೊಬೈಲ್ ಅಂಗಡಿಯವರು ಒಳ್ಳೆಯ ಹುಡುಗರು, ತಾವೇ ಕೈ ಹಾಕಿ ಎತ್ತಿದರು. ಕೆಟ್ಟವರಾಗಿದ್ದರೆ ಹಗುರವಾಗುತ್ತಿತ್ತು.

ತೊಲೆಯಿಂದ ಮಾವನವರ ಬಿಲ್ಲು ಇಳಿಸಿದೆ. ಗೋಡೆಯ ಮೇಲೆ ಅದರ ಆಕಾರಕ್ಕೆ ಬಿಳಿ ಉಳಿದಿದೆ. ರೇಣಮ್ಮನ ಹತ್ತಿಯನ್ನು ಹೊಸ ಚಾದರದಲ್ಲಿ ಕಟ್ಟಿದೆ. ಅದರ ಮೇಲೆ ಅವರ ಅಂಗೈ ಒತ್ತಿದ ಗುರುತು ಇತ್ತು, ಇತ್ತೆಂದು ನನಗೆ ಅನ್ನಿಸಿತು.

ಬಾಗಿಲ ಎಡಕ್ಕೆ ನೋಡಿದೆ. ಸೀಮೆಸುಣ್ಣದ ಗೆರೆ ಇನ್ನೂ ಇತ್ತು. ಒಬ್ಬಳು ಕೂರುವಷ್ಟು ಜಾಗವಲ್ಲ ಅದು. ಇಬ್ಬರು ಕೂರುವಷ್ಟು ಎಳೆದಿದ್ದರು. ಅಳತೆ ಬಾರದ ಮನುಷ್ಯ ಎನ್ನುತ್ತಿದ್ದೆನಲ್ಲ ನಾನು! ಗೆರೆಯೊಳಗೆ ನಿಂತೆ. ಖರೆ, ಗಾಳಿ ಬರುತ್ತಿತ್ತು. ಒರೆಸಲು ಮನಸ್ಸಾಗಲಿಲ್ಲ. ಟೈಲ್ಸ್ ಹಾಕುತ್ತಾರಂತೆ, ಹೇಗೂ ಹೋಗುತ್ತದೆ.

ಮಶಿನ್ ಈಗ ನಮ್ಮ ಪಡಸಾಲೆಯಲ್ಲಿದೆ. ಇಷ್ಟು ಸಣ್ಣ ಊರಿಗೆ ಗಾದಿ ಹಿಂಜುವ ಮಶಿನ್ ಬೇಕಾಗಿರಲಿಲ್ಲ. ಆದರೂ ಇದೆ.

31 ಆಗಸ್ಟ್, ಭಾನುವಾರ

ಗುಡ್ಡಿ ಬಂದಿದ್ದಾಳೆ. ಅಪ್ಪನ ಫೋಟೋ ಬೇಕೆಂದು ಅಲಮಾರಿಯಿಂದ ಫೋನ್ ತೆಗೆದು ಚಾರ್ಜಿಗೆ ಹಾಕಿದಳು. ಚಾಲೂ ಆದದ್ದೇ ತಡ, ಟಿಣ್ ಟಿಣ್ ಎಂದು ಮೆಸೇಜು ಬೀಳತೊಡಗಿದವು, ನಿಲ್ಲಲಿಲ್ಲ. ಬಂದ್ ಇದ್ದಾಗ ಬಂದ ಕಾಲ್‌ಗಳು. ಅವಳೇ ಓದಿದಳು.

"ಏಳ ಆಗಸ್ಟ್. ಹತ್ತೂ ನಲವತ್ತು. ಹನ್ನೊಂದೂ ಐದು. ಹನ್ನೆರಡೂ ಇಪ್ಪತ್ತು..."

"ಸಾಕ ಬಿಡು."

"ಒಟ್ಟ ಹದಿನಾಕ ಅದಾವ ಅಮ್ಮಿ. ಕಡೀದು ನಾಕೂ ಐವತ್ತಕ್ಕ."

ನಾಲ್ಕೂ ಐವತ್ತು. ಕಚೇರಿ ಮುಚ್ಚುವ ಮೊದಲು ಇನ್ನೊಂದು ಸಲ ನೋಡೋಣ ಎಂದು ಬೇಗಂ ಅಮ್ಮನೇ ಹೇಳಿ ಮಾಡಿಸಿರಬೇಕು. ಹದಿನಾಲ್ಕು ಸಲ ಕರೆದರು. ಹತ್ತಿರದಲ್ಲೇ ಇತ್ತು ಅಲಮಾರಿ.

ಗುಡ್ಡಿಗೆ ಹೇಳಿದೆ. ಎಲ್ಲವನ್ನೂ. ಚಾಂದ, ಕ್ಯಾಲೆಂಡರ್, ಬೆರಳಿಟ್ಟು ಎಣಿಸಿದ್ದು. ಬೈಯುತ್ತಾಳೆ ಎಂದುಕೊಂಡೆ. ಹತ್ತಿರ ಬಂದು ಕೂತಳು. "ಇನ್ನೂ ನಾಕ ದಿನ ಕುಂತಿದ್ರೂ ಅಪ್ಪ ಬರ್ತಿದ್ದಿಲ್ಲ ಅಮ್ಮಿ" ಎಂದಳು. ಅತ್ತಳು. ನಾನೂ.

ಆಮೇಲೆ ರೇಣಮ್ಮನ ಹತ್ತಿ ಬಿಚ್ಚಿ ಮಶಿನ್‌ಗೆ ಕೊಟ್ಟೆ. ಬೆರಳು ಹುಷಾರಾಗಿ. ಗಾದಿ ಆಯಿತು. ಹೊಲಿಗೆ ಹಾಕಿದೆ. ಹೊಲಿಗೆ ಪೆಟ್ಟಿಗೆಯಿಂದ ಕಾಲುಂಗುರದ ಗಂಟು ತೆಗೆದು ಮೇಲಿಟ್ಟೆ. ಐದು ತಿಂಗಳು ತಡ. ಆ ಹೆಣ್ಣುಮಗಳು ನಮ್ಮನ್ನು ಎಷ್ಟು ಬೈದುಕೊಂಡಿದ್ದಾಳೋ.

ಸಂಜೆ 5

ಅವರ ಫೋನ್ ಹೊಡೆದುಕೊಂಡಿತು. ಗುಡ್ಡಿ ಓಡಿಬಂದು ತೋರಿಸಿದಳು. "ಗಾದಿ ರೇಣಮ್ಮ" ಎಂದು ಅವರೇ ಹಾಕಿಟ್ಟ ಹೆಸರು. ಮಳಿಗೆಗೆ ಹೋಗಿ ಮೊಬೈಲ್ ಅಂಗಡಿ ನೋಡಿ ಗಾಬರಿಯಾಗಿರಬೇಕು. ಎತ್ತುವಷ್ಟರಲ್ಲಿ ನಿಂತಿತು. ಎತ್ತುವಷ್ಟರಲ್ಲಿ ಏನು, ಕೈ ಮುಂದೆ ಬರಲಿಲ್ಲ. "ಸಾಬ್ರ ಇಲ್ಲೇನ್ರಿ" ಎಂದರೆ ಯಾರು ಎಂದು ಹೇಳಲಿ? ಆ ಹೆಸರು ನನ್ನ ಬಾಯಿಂದ ಒಂದು ಸಲವೂ ಬಂದಿಲ್ಲ. ಖರೀದಿಯ ದಿನ ಕಚೇರಿಯಲ್ಲಿ ಹೇಳಬೇಕಾಗಿತ್ತು, ಗಂಡನ ಹೆಸರು ಎಂದು ಕೇಳಿದಾಗ. ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಹೇಳಿ ಹೇಳಿ ರೂಢಿ ಮಾಡಿಕೊಂಡು ಹೋಗಿದ್ದೆ. ಯಾರೂ ಕೇಳಲೇ ಇಲ್ಲ.

ಮತ್ತೆ ಹೊಡೆದುಕೊಳ್ಳುತ್ತಿದೆ. ಗುಡ್ಡಿ ಡೈರಿಯ ಮೇಲೆಯೇ ತಂದಿಟ್ಟಳು. ಈ ಸಲ ಬಿಡುವುದಿಲ್ಲ, ಎತ್ತುತ್ತೇನೆ. ಬಾಯಿ ತಡವರಿಸಬಾರದೆಂದು ಏನು ಹೇಳಬೇಕೋ ಬರೆದುಕೊಳ್ಳುತ್ತಿದ್ದೇನೆ, ಓದಿಯೇ ಹೇಳುತ್ತೇನೆ. ರೇಣಮ್ಮಾರ, ನಿಮ್ಮ ಗಾದಿ ಆಗ್ಯದ್ರಿ. ನಾ ಮುಜಫರ ಅವರ—